ಒಂದೇ ಕೈ, ಎರಡು ಪಾಳಿ

(ಕನ್ನಡ ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೈ, ಮಣಿಕಟ್ಟು, ಮೊಣಕೈಗಳ ಬಹುಕಾಲದ ನೋವನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಹೇಗೆ ನಿಭಾಯಿಸಬಹುದು ಎಂಬ ಬಗ್ಗೆ ಮಾತಾಡಬೇಕೆಂದು ವೇದಿಕೆಯವರು ಕೇಳಿದಾಗ ನಾನು ಒಂದೇ ಒಂದು ಷರತ್ತು ಹಾಕಿದೆ. ನಾನು ವೈದ್ಯೆಯಲ್ಲ, ಎಂ.ಟೆಕ್ ಓದಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದ್ದರಿಂದ ನನ್ನ ಮಾತನ್ನು ಔಷಧದ ಚೀಟಿ ಎಂದು ಯಾರೂ ತಿಳಿಯಬಾರದು. ಹತ್ತು ತಿಂಗಳು ಬಲಮೊಣಕೈಯ ನೋವಿನೊಂದಿಗೆ ಬದುಕಿ, ಮೂಳೆ ತಜ್ಞರು ಮತ್ತು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮಾಡಿ ನೋಡಿ, ಸಿಕ್ಕಷ್ಟು ಓದಿಕೊಂಡ ಒಬ್ಬಳ ಮಾತು ಇದು.

ಮೊದಲು ಕೆಲವು ಪ್ರಶ್ನೆಗಳು. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವವರು ಇಲ್ಲಿ ಎಷ್ಟು ಜನ? ಬಾಟಲಿಯ ಮುಚ್ಚಳ ತಿರುಗಿಸುವಾಗ, ಇಕ್ಕಳದಲ್ಲಿ ಪಾತ್ರೆ ಎತ್ತುವಾಗ ಮೊಣಕೈಯಲ್ಲಿ ಚಳುಕು ಬರುವವರು? ಮಗುವನ್ನು ಎತ್ತಿಕೊಳ್ಳುವಾಗ ಹೆಬ್ಬೆರಳಿನ ಬುಡದಲ್ಲಿ ಕತ್ತರಿಸಿದಂತೆ ಆಗುವವರು? ಅರ್ಧ ಸಭೆಯೇ ಕೈ ಎತ್ತಿದೆ. ಇವರಲ್ಲಿ ಇದಕ್ಕೆಂದೇ ಡಾಕ್ಟರ ಬಳಿ ಹೋದವರು ಕೈ ಎತ್ತಿ. ಮೂರು, ನಾಲ್ಕು. ಇಷ್ಟೇ. ನಾನು ಇವತ್ತು ಮಾತಾಡುವುದು ಈ ಎರಡು ಸಂಖ್ಯೆಗಳ ನಡುವೆ ಉಳಿದವರ ಜೊತೆ.

ಈ ನೋವು ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ದುಡಿಯುವವರ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಬರವಣಿಗೆಯ ಗುಮಾಸ್ತರ ತೊಂದರೆಗಳಿಗೆ ಅವರು ಮೂರು ಕಾರಣ ಕೊಡುತ್ತಾರೆ: ಸದಾ ಕುಳಿತೇ ಇರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು, ಎಲ್ಲಿ ತಪ್ಪಾದೀತೋ ಎಂಬ ಮನಸ್ಸಿನ ಒತ್ತಡ. ನಮ್ಮ ಹಿಂಜವಡಿಯ ಯಾವ ಆಫೀಸಿಗೆ ಹೋಗಿ ನೋಡಿದರೂ ಈ ಮೂರೂ ಸಿಗುತ್ತವೆ. ಅವರಿಗೆ ಪರಿಚಯವಿದ್ದ ಒಬ್ಬ ದಸ್ತಾವೇಜು ಬರೆಯುವವನು ಬಲಗೈ ಸೋತಾಗ ಎಡಗೈಯಲ್ಲಿ ಬರೆಯಲು ಕಲಿತನಂತೆ. ಸ್ವಲ್ಪ ಕಾಲದಲ್ಲಿ ಎಡಗೈಗೂ ಅದೇ ನೋವು ಬಂತು. ಈ ಮನುಷ್ಯನನ್ನು ದಯವಿಟ್ಟು ನೆನಪಿನಲ್ಲಿಡಿ. ಅವನು ಕೈ ಬದಲಾಯಿಸಿದ, ಹೊರೆ ಹಾಗೇ ಉಳಿಯಿತು.

ಆಮೇಲೆ ತಂತಿ ಕಚೇರಿಗಳು ಬಂದವು. ದಿನವಿಡೀ ತಂತಿ ಕುಟ್ಟುವವರ ಕೈ ಸೆಳೆತವನ್ನು 1908ರಲ್ಲಿ ಬ್ರಿಟನ್ನಿನ ಕಾನೂನು ಪರಿಹಾರ ಕೊಡಬೇಕಾದ ಉದ್ಯೋಗದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಕಡೆ, ಹೆಬ್ಬೆರಳಿನ ಬುಡದ ಮಣಿಕಟ್ಟು ನೋವನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವರ್ವೇನ್ 1895ರಲ್ಲಿ ವಿವರಿಸಿದರು, ಈಗ ಅದು ಅವರ ಹೆಸರಿನಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು, 1893ರ ‘ಗ್ರೇಸ್ ಅನಾಟಮಿ’ ಎಂಬ ಪ್ರಸಿದ್ಧ ವೈದ್ಯಗ್ರಂಥದ ಆವೃತ್ತಿಯಲ್ಲಿ ಇದೇ ನೋವನ್ನು ಬಟ್ಟೆ ಒಗೆಯುವ ಹೆಂಗಸರ ಉಳುಕು ಎಂದು ಕರೆದಿದ್ದರು. ಅಂದರೆ ಬಟ್ಟೆ ಹಿಂಡುವ ಕೈಗೆ ಏನಾಗುತ್ತದೆ ಎಂದು ವೈದ್ಯರಿಗೆ ಆಗಲೇ ಗೊತ್ತಿತ್ತು. ಆದರೆ ತಂತಿ ಕುಟ್ಟುವ ಕೈ ಪಟ್ಟಿಗೆ ಸೇರಿತು, ಮನೆಯೊಳಗೆ ಬಟ್ಟೆ ಹಿಂಡುವ, ಹಿಟ್ಟು ನಾದುವ ಕೈಯನ್ನು ಯಾರೂ ದುಡಿಮೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ನಾವೂ ಹಿಡಿಯುವುದಿಲ್ಲ.

ಈಗ ಕೈಯ ರಚನೆಯ ಬಗ್ಗೆ ಎರಡು ಮಾತು. ನಮ್ಮ ಬೆರಳುಗಳೊಳಗೆ ಅವನ್ನು ಮಡಿಸುವ, ಬಿಡಿಸುವ ಸ್ನಾಯುಗಳಿಲ್ಲ. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿವೆ. ಅಲ್ಲಿಂದ ಹಗ್ಗದಂಥ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಯವರೆಗೆ ಹೋಗುತ್ತವೆ. ಬಾವಿಯ ರಾಟೆ, ಹಗ್ಗ ನೆನಪಿಸಿಕೊಳ್ಳಿ. ಕೊಡ ಇರುವುದು ಒಂದು ಕಡೆ, ಎಳೆಯುವವರು ಇನ್ನೊಂದು ಕಡೆ. ಅದಕ್ಕೇ ಬೆರಳಿನಲ್ಲಿ ಮೌಸ್ ಒತ್ತಿದರೆ ಮೊಣಕೈ ನೋಯುತ್ತದೆ. ಹಗ್ಗ ಎಲ್ಲಿ ಉಜ್ಜುತ್ತದೆ, ಎಲ್ಲಿ ಕಟ್ಟಿದೆ, ಅದರ ಪಕ್ಕದ ನರ ಎಲ್ಲಿ ಅದುಮಿದೆ ಎಂಬುದರ ಮೇಲೆ ನೋವಿನ ಹೆಸರು ನಿಂತಿದೆ. ‘ಕೈನೋವು’ ಎಂಬ ಒಂದೇ ಕಾಯಿಲೆ ಇಲ್ಲ. ಆದ್ದರಿಂದ ಪಕ್ಕದ ಮನೆಯವರಿಗೆ ಗುಣವಾದ ಪಟ್ಟಿ, ಎಣ್ಣೆ, ವ್ಯಾಯಾಮ ನಮಗೆ ಕೆಲಸ ಮಾಡದೇ ಇರಬಹುದು.

ಸಾಮಾನ್ಯವಾಗಿ ಕಾಣುವ ನಾಲ್ಕನ್ನು ಗುರುತಿಸಲು ಕಲಿಯೋಣ.

ಒಂದು, ಕಾರ್ಪಲ್ ಟನಲ್. ಮಣಿಕಟ್ಟಿನ ಅಂಗೈ ಬದಿಯಲ್ಲಿ ಒಂದು ಕಿರಿದಾದ ಸುರಂಗವಿದೆ. ಕೆಳಗೆ, ಪಕ್ಕಗಳಲ್ಲಿ ಮೂಳೆ, ಮೇಲೆ ಗಟ್ಟಿಯಾದ ಪಟ್ಟಿ. ಅದರೊಳಗೆ ಒಂಬತ್ತು ರಜ್ಜುಗಳು ಮತ್ತು ಒಂದು ನರ ಸಾಗುತ್ತವೆ. ಒಳಗೆ ಸ್ವಲ್ಪ ಊತ ಬಂದರೂ ಅದುಮಿಸಿಕೊಳ್ಳುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ರಾತ್ರಿ ಹೆಚ್ಚು, ಕೈ ಝಾಡಿಸಿದರೆ ಕಡಿಮೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇನ್ನೂ ಹೆಚ್ಚು. ಗರ್ಭಿಣಿಯರಲ್ಲಿ ಬಂದದ್ದು ಹೆರಿಗೆಯ ನಂತರ ಸಾಮಾನ್ಯವಾಗಿ ಇಳಿಯುತ್ತದೆ.

ಎರಡು, ಡಿ ಕ್ವರ್ವೇನ್. ಹೆಬ್ಬೆರಳ ಬದಿಯ ಮಣಿಕಟ್ಟಿನಲ್ಲಿ ನೋವು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಾಗಿಸಿದರೆ ಜೀವ ಹೋದಂತಾಗುತ್ತದೆ. ಹಸುಗೂಸಿನ ತಾಯಂದಿರಲ್ಲಿ ಇದು ಬಹಳ. ಮಗುವಿನ ಕಂಕುಳಿಗೆ ಎರಡೂ ಹೆಬ್ಬೆರಳು ಚಾಚಿ ದಿನಕ್ಕೆ ಎಷ್ಟು ಸಲ ಎತ್ತುತ್ತೇವೆ ಎಂದು ಯೋಚಿಸಿ. ಮಗುವಿನ ತೊಡೆಯ ಕೆಳಗೆ ಒಂದು ಕೈ, ಬೆನ್ನಿಗೆ ಇನ್ನೊಂದು ಕೈ ಕೊಟ್ಟು ಬೊಗಸೆಯಲ್ಲಿ ಎತ್ತಿದಂತೆ ಎತ್ತಿದರೆ ಹೆಬ್ಬೆರಳಿಗೆ ಬಿಡುವು ಸಿಗುತ್ತದೆ.

ಮೂರು, ಟೆನಿಸ್ ಎಲ್ಬೋ. ಹೆಸರು ಟೆನಿಸ್‌ನದ್ದು, ಬಂದವರಲ್ಲಿ ಹೆಚ್ಚಿನವರು ಬ್ಯಾಟ್ ಮುಟ್ಟಿದವರೇ ಅಲ್ಲ. ಮೊಣಕೈಯ ಹೊರಗಿನ ಎಲುಬಿನ ಹತ್ತಿರ ನೋವು. ಅಂಗೈ ಕೆಳಗೆ ಮಾಡಿ ಏನಾದರೂ ಹಿಡಿದೆತ್ತಿದರೆ, ಬಟ್ಟೆ ಹಿಂಡಿದರೆ ಹೆಚ್ಚು.

ನಾಲ್ಕು, ಕಿರುಬೆರಳ ನರ. ಮೊಣಕೈ ಎಲ್ಲಾದರೂ ತಾಗಿದರೆ ಕರೆಂಟ್ ಹೊಡೆದಂತಾಗುತ್ತದಲ್ಲ, ಅದೇ ನರ. ಕಿರುಬೆರಳು ಮತ್ತು ಉಂಗುರಬೆರಳಿನ ಹೊರ ಅರ್ಧ ಜೋಮು ಹಿಡಿಯುತ್ತವೆ. ಮೊಣಕೈ ಪೂರ್ತಿ ಮಡಿಸಿ ಗಂಟೆಗಟ್ಟಲೆ ಫೋನ್ ಹಿಡಿಯುವುದು, ಕೈ ಮಡಿಸಿ ತಲೆಯಡಿ ಇಟ್ಟು ಮಲಗುವುದು ಇದನ್ನು ಕೆರಳಿಸುತ್ತದೆ. ಇದರ ಜೊತೆ ಕತ್ತು ತಿರುಗಿಸಿದಾಗ ನೋವು ಭುಜದಿಂದ ಕೈಗೆ ಇಳಿದರೆ, ಮೂಲ ಕೈಯಲ್ಲಿ ಇಲ್ಲದೆ ಕತ್ತಿನಲ್ಲಿ ಇರಬಹುದು.

ಇದನ್ನು ನಾವೇ ತೀರ್ಮಾನಿಸಬಾರದು. ಆದರೆ ಡಾಕ್ಟರ ಮುಂದೆ ಕುಳಿತಾಗ ‘ಕೈ ನೋಯ್ತದೆ’ ಎಂದು ಹೇಳುವ ಬದಲು ‘ಈ ಮೂರು ಬೆರಳು, ರಾತ್ರಿ ಎರಡರ ಹೊತ್ತಿಗೆ, ಝಾಡಿಸಿದರೆ ಕಡಿಮೆ’ ಎಂದು ಹೇಳಿದರೆ ಐದು ನಿಮಿಷದ ಭೇಟಿಯಲ್ಲಿ ಕಾಲು ಗಂಟೆಯ ಕೆಲಸವಾಗುತ್ತದೆ.

ಈಗ ನನ್ನ ಕಸುಬಿನ ಒಂದು ಅಭ್ಯಾಸದ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಒಂದು ಸರ್ವರ್ ಪದೇ ಪದೇ ನಿಂತರೆ ಮೊದಲು ಲಾಗ್ ನೋಡುತ್ತೇವೆ. ಯಾವ ಹೊತ್ತಿಗೆ, ಯಾವ ಹೊರೆ ಬಿದ್ದಾಗ ನಿಂತಿತು ಎಂದು. ನನ್ನ ಫಿಸಿಯೋಥೆರಪಿಸ್ಟ್ ಕೂಡ ಅದನ್ನೇ ಹೇಳಿದರು: ಎರಡು ವಾರ ಬರೆದಿಡಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ. ಹೊತ್ತು, ಮಾಡಿದ ಕೆಲಸ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಮರುದಿನ ಬೆಳಿಗ್ಗೆ ಎಷ್ಟು.

ನನ್ನದು ಟೆನಿಸ್ ಎಲ್ಬೋ. ಆಫೀಸಿನವರು, ಮನೆಯವರು, ಡಾಕ್ಟರು ಎಲ್ಲರೂ ‘ಕಂಪ್ಯೂಟರ್’ ಎಂದರು. ಹಾಳೆ ಬೇರೆಯದನ್ನೇ ತೋರಿಸಿತು. ಶುಕ್ರವಾರ ಸಂಜೆ, ಐದು ದಿನ ಕೀಬೋರ್ಡ್ ಕುಟ್ಟಿದ ಮೇಲೆ, ನೋವು ನಾಲ್ಕು. ಸೋಮವಾರ ಬೆಳಿಗ್ಗೆ, ಎರಡು ದಿನ ‘ರಜೆ’ಯ ಮೇಲೆ, ನೋವು ಏಳು. ಎರಡೂ ವಾರ ಹಾಗೇ. ಭಾನುವಾರದ ಸಾಲುಗಳನ್ನು ಓದಿದೆ: ವಾರದ ದೋಸೆಹಿಟ್ಟು ರುಬ್ಬಿ, ಗ್ರೈಂಡರಿನ ಪಾತ್ರೆ ಎತ್ತಿ ಬಗ್ಗಿಸಿದ್ದು. ಎರಡು ಕಾಯಿ ತುರಿದದ್ದು. ಹದಿನೆಂಟು ಜೋಳದ ರೊಟ್ಟಿ. ಕೈಯಲ್ಲೇ ಒಗೆಯಬೇಕಾದ ಸೀರೆ, ಹಾಸಿಗೆ ಹೊದಿಕೆ ಹಿಂಡಿದ್ದು. ವಾರಕ್ಕೆ ಐದು ದಿನ ಒಂದು ಪಾಳಿ, ಆ ಪಾಳಿಯ ಹಿಂದೆ ಮುಂದೆ ಇನ್ನೊಂದು, ರಜೆಯ ದಿನ ಎರಡನೆಯದೇ ಪೂರ್ಣಾವಧಿ. ಎರಡಕ್ಕೂ ಒಂದೇ ರಜ್ಜು. ಮೌಸ್ ಬಿಟ್ಟು ಲಟ್ಟಣಿಗೆ ಹಿಡಿಯುವುದನ್ನು ನಾವು ವಿಶ್ರಾಂತಿ ಎಂದುಕೊಂಡಿರುತ್ತೇವೆ, ಮೊಣಕೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆ ಹಾಳೆಯ ಇನ್ನೊಂದು ಉಪಯೋಗವೂ ಆಯಿತು. ‘ಕೈ ನೋಯ್ತಿದೆ’ ಎಂದಾಗ ‘ಸ್ವಲ್ಪ ರೆಸ್ಟ್ ತಗೋ’ ಎನ್ನುತ್ತಿದ್ದ ನನ್ನ ಗಂಡ ಹಾಳೆ ನೋಡಿ, ‘ಗ್ರೈಂಡರ್ ಪಾತ್ರೆ ಇಷ್ಟು ಭಾರ ಅಂತ ನನಗೆ ಗೊತ್ತೇ ಇರಲಿಲ್ಲ’ ಎಂದರು. ಆ ವಾರದಿಂದ ರುಬ್ಬುವುದು, ಕುಕ್ಕರ್ ಇಳಿಸುವುದು, ಬಟ್ಟೆ ಅವರ ಪಾಲಿಗೆ ಹೋದವು. ರೊಟ್ಟಿಯನ್ನು ಮೂರು ತಿಂಗಳು ನಮ್ಮ ಓಣಿಯ ಪೋಳಿ-ಭಾಜಿ ಕೇಂದ್ರದಿಂದ ತಂದೆವು.

ರೊಟ್ಟಿ ಹೊರಗಿಂದ ಬಂದದ್ದು ನಮ್ಮ ಅತ್ತೆಯವರಿಗೆ ಹಿಡಿಸಲಿಲ್ಲ. ಅವರು ಧಾರವಾಡದ ಕಡೆಯವರು. ‘ನಮ್ಮ ಕಾಲಕ್ಕ ಬೀಸೂಕಲ್ಲಿನಾಗ ಬೀಸಿ, ಒಳ್ಳಾಗ ರುಬ್ಬೀವಿ. ಆವಾಗ ಯಾರು ಕೈನೋವಂತ ಕುಂತಿದ್ರು?’ ಎಂದರು. ಎರಡು ದಿನ ಬಿಟ್ಟು, ನಾನು ವ್ಯಾಯಾಮ ಮಾಡುವಾಗ ಪಕ್ಕದಲ್ಲಿ ಬಂದು ಕುಳಿತರು. ‘ರಾತ್ರಿ ಕೈ ಜೋಮು ಹಿಡೀತದ. ಎದ್ದು ಝಾಡಿಸಿ ಮಲಗತೀನಿ. ಅದೂ ಒಂದು ಬ್ಯಾನಿ ಏನು?’ ಎಷ್ಟು ದಿನದಿಂದ ಎಂದು ಕೇಳಿದೆ. ‘ದಿನ ಎಲ್ಲೀದು, ಸಣ್ಣಾಂವ ಸಾಲಿಗೆ ಹೋಗೂಮುಂದಿಂದ’ ಎಂದರು. ಆ ಸಣ್ಣಾಂವ ನನ್ನ ಗಂಡ. ಅವರ ಬಲ ಅಂಗೈ ನೋಡಿದರೆ ಹೆಬ್ಬೆರಳ ಬುಡದ ದಿಂಡು ಕರಗಿ ಚಪ್ಪಟೆಯಾಗಿತ್ತು. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲವೆಂದು ಹೊಲಿಗೆ ಬಿಟ್ಟಿದ್ದರು, ಕಣ್ಣು ಮಂದವಾಯಿತು ಎಂದು ಎಲ್ಲರೂ ತಿಳಿದಿದ್ದೆವು.

ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಎರಡೂ ಕೈಗಳಲ್ಲಿ ಕಾರ್ಪಲ್ ಟನಲ್ ಎಂದು ಗೊತ್ತಾಯಿತು, ಎಡಗೈಯಲ್ಲಿ ಸೌಮ್ಯ, ಬಲಗೈಯಲ್ಲಿ ತೀವ್ರ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಇರುವುದೂ ತಿಳಿಯಿತು. ಎಡಗೈಗೆ ರಾತ್ರಿಯ ಪಟ್ಟಿ ಮತ್ತು ಥೈರಾಯ್ಡ್ ಮಾತ್ರೆ ಸಾಕಾದವು. ಬಲಗೈಗೆ ಡಾಕ್ಟರು ಶಸ್ತ್ರಚಿಕಿತ್ಸೆಯೇ ಆಗಬೇಕೆಂದರು, ಮಾಡಿಸಿದೆವು. ಈಗ ರಾತ್ರಿ ನಿದ್ದೆ ಬರುತ್ತದೆ. ಕರಗಿದ ಸ್ನಾಯು ಪೂರ್ತಿ ಮರಳಿಲ್ಲ, ಸೂಜಿಗೆ ದಾರ ನಾನೇ ಪೋಣಿಸಿ ಕೊಡುತ್ತೇನೆ.

ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಒಂದೇ ಮನೆಯ, ಒಂದೇ ಮನುಷ್ಯರ ಎರಡು ಕೈಗಳಲ್ಲಿ ಒಂದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಇನ್ನೊಂದಕ್ಕೆ ಬೇಕಾಯಿತು. ಬೇಗ ಹೇಳಿಕೊಂಡವರಿಗೆ ಶಸ್ತ್ರಚಿಕಿತ್ಸೆಯಿಲ್ಲದ ದಾರಿಗಳು ಹೆಚ್ಚು ತೆರೆದಿರುತ್ತವೆ.

ಆ ದಾರಿಗಳು ಯಾವುವು ಎಂದು ಈಗ ನೋಡೋಣ.

ಮೊದಲನೆಯದು ಹೊರೆ ಇಳಿಸುವುದು, ಪೂರ್ತಿ ನಿಲ್ಲಿಸುವುದಲ್ಲ. ಕೈ ಕಟ್ಟಿ ಕೂತರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ನೋವು ಹೆಚ್ಚಿಸುವ ಎರಡು ಮೂರು ಕೆಲಸಗಳನ್ನು ಹಾಳೆಯಿಂದ ಹೆಕ್ಕಿ, ಅವನ್ನು ಮಾಡುವ ರೀತಿ ಬದಲಿಸಬೇಕು. ಇಕ್ಕಳದಲ್ಲಿ ತುಂಬಿದ ಪಾತ್ರೆ ಎತ್ತುವ ಬದಲು ಎರಡು ಹಿಡಿಯ ಪಾತ್ರೆ. ಅಂಗೈ ಕೆಳಗೆ ಮಾಡಿ ಎತ್ತುವ ಬದಲು ಅಂಗೈ ಮೇಲೆ ಮಾಡಿ, ಮೊಣಕೈಯನ್ನು ಮೈಗೆ ಹತ್ತಿರ ಇಟ್ಟು ಎತ್ತುವುದು. ಬಟ್ಟೆಯನ್ನು ಹಿಂಡದೆ ನಲ್ಲಿಗೆ ನೇತುಹಾಕಿ ನೀರಿಳಿಸುವುದು. ಒಂದೇ ದಿನ ಹದಿನೆಂಟು ರೊಟ್ಟಿಯ ಬದಲು ದಿನಕ್ಕೆ ನಾಲ್ಕು. ತರಕಾರಿ ಚೀಲವನ್ನು ಬೆರಳಿಗೆ ನೇತುಹಾಕದೆ ಭುಜಕ್ಕೆ.

ಆಫೀಸಿನಲ್ಲಿ: ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲಿಟ್ಟು ಪರದೆ ಕಣ್ಣಿನ ಮಟ್ಟಕ್ಕೆ, ಬೇರೆ ಕೀಬೋರ್ಡ್, ಬೇರೆ ಮೌಸ್. ಮೊಣಕೈ ಮೈಗೆ ಹತ್ತಿರ, ಸುಮಾರು ಲಂಬಕೋನದಲ್ಲಿ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗದೆ ನೇರ, ಮೇಜಿನ ಅಂಚಿಗೆ ಒತ್ತಿರಬಾರದು. ಮೌಸ್ ಕೀಬೋರ್ಡಿನ ಪಕ್ಕದಲ್ಲೇ ಇರಲಿ, ಕೈ ಚಾಚಿ ಹಿಡಿಯುವಷ್ಟು ದೂರ ಬೇಡ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಬಿಡಿ. ಆ ಒಂದು ನಿಮಿಷದಲ್ಲಿ ಫೋನ್ ಹಿಡಿದರೆ ಅದು ಬಿಡುವಾಗುವುದಿಲ್ಲ. ದುಬಾರಿ ಕುರ್ಚಿಗಿಂತ ಈ ಒಂದು ನಿಮಿಷ ನನಗೆ ಹೆಚ್ಚು ಸಹಾಯ ಮಾಡಿತು.

ಎರಡನೆಯದು ಪಟ್ಟಿ. ಕಾರ್ಪಲ್ ಟನಲ್‌ಗೆ ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರವಾಗಿಡುವ ಸ್ಪ್ಲಿಂಟ್. ಕನಿಷ್ಠ ಆರು ವಾರ ತಪ್ಪದೆ ಹಾಕಿ ನೋಡಬೇಕು. ಅಂಗಡಿಯಲ್ಲಿ ಸಿಗುವ ಹಲವು ಪಟ್ಟಿಗಳು ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿರುತ್ತವೆ. ಒಳಗಿನ ಲೋಹದ ಪಟ್ಟಿಯನ್ನು ನೇರ ಮಾಡಿಕೊಡಲು ಕೇಳಿ. ಡಿ ಕ್ವರ್ವೇನ್‌ಗೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿಯೇ ಬೇಕು, ಬರೀ ಮಣಿಕಟ್ಟಿನದ್ದು ಸಾಲದು.

ಮೂರನೆಯದು ಬಲ ತುಂಬುವುದು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೋವು ಇಳಿದ ಮಾತ್ರಕ್ಕೆ ರಜ್ಜು ಗಟ್ಟಿಯಾಗಿರುವುದಿಲ್ಲ. ಟೆನಿಸ್ ಎಲ್ಬೋಗೆ ನನಗೆ ಹೇಳಿಕೊಟ್ಟದ್ದು ಹೀಗೆ: ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗೆ ಬರುವಂತೆ ಇಡಿ. ಕೈಯಲ್ಲಿ ನೀರಿನ ಬಾಟಲಿ. ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ಆಮೇಲೆ ಒಂದೇ ಕೈಯಲ್ಲಿ ಐದು ಎಣಿಸುತ್ತಾ ನಿಧಾನವಾಗಿ ಇಳಿಸಿ. ಹತ್ತು ಸಲ, ಮೂರು ಸುತ್ತು. ಅರ್ಧ ಲೀಟರ್ ನೀರು ಎಂದರೆ ಅರ್ಧ ಕಿಲೋ, ಒಂದು ಲೀಟರ್ ಎಂದರೆ ಒಂದು ಕಿಲೋ. ಇದಕ್ಕಿಂತ ಅಗ್ಗದ ಡಂಬೆಲ್ ಇಲ್ಲ. ನಾನು ಕಾಲು ಲೀಟರಿನಿಂದ ಶುರು ಮಾಡಿ ಮೂರು ತಿಂಗಳಲ್ಲಿ ಒಂದು ಲೀಟರ್ ಮುಟ್ಟಿದೆ. ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವು ಇದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನೀರು ಕಡಿಮೆ ಮಾಡಿ. ಕಾರ್ಪಲ್ ಟನಲ್‌ಗೆ ಈ ವ್ಯಾಯಾಮವಲ್ಲ. ಅದಕ್ಕೆ ಬೆರಳುಗಳನ್ನು ನೇರ, ಕೊಕ್ಕೆ, ಪೂರ್ಣ ಮುಷ್ಟಿ ಹೀಗೆ ಮೆಲ್ಲಗೆ ಬದಲಿಸುವ ವ್ಯಾಯಾಮವಿದೆ. ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತರೆ ಸಾಕು, ಮನೆಯಲ್ಲೇ ಮಾಡಬಹುದು.

ನಾಲ್ಕನೆಯದು ಔಷಧ. ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ರಕ್ತದೊತ್ತಡ ಇದ್ದವರಿಗೆ ಇನ್ನೂ ಹೆಚ್ಚು. ಹಚ್ಚುವ ಜೆಲ್‌ನಲ್ಲಿ ಆ ಅಪಾಯ ಕಡಿಮೆ. ಎಳ್ಳೆಣ್ಣೆ ಹಚ್ಚಿ ಶಾಖ ಕೊಟ್ಟರೆ ಹಿತವಾಗುತ್ತದೆ, ಕೊಡಿ. ಆದರೆ ಜೋಮು ಹಿಡಿದ ಕೈಗೆ, ಸಕ್ಕರೆ ಕಾಯಿಲೆಯವರ ಕೈಗೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟುಕೊಂಡೀರಿ. ಸ್ಟೀರಾಯ್ಡ್ ಚುಚ್ಚುಮದ್ದು ಡಿ ಕ್ವರ್ವೇನ್‌ನಲ್ಲಿ ಹಲವರಿಗೆ ಒಳ್ಳೆಯ ಪರಿಹಾರ ಕೊಡುತ್ತದೆ, ಕಾರ್ಪಲ್ ಟನಲ್‌ನಲ್ಲಿ ಕೆಲವು ತಿಂಗಳು ಆರಾಮ ಕೊಡಬಹುದು. ಟೆನಿಸ್ ಎಲ್ಬೋದಲ್ಲಿ ಮಾತ್ರ ಮೊದಲ ವಾರಗಳು ಚೆನ್ನಾಗಿರುತ್ತವೆ, ಆಮೇಲೆ ನೋವು ಮರಳುವುದು ಹೆಚ್ಚು. ವರ್ಷದ ಕೊನೆಗೆ ನೋಡಿದರೆ ಚುಚ್ಚಿಸಿಕೊಳ್ಳದವರಿಗಿಂತ ಲಾಭವೇನೂ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಚುಚ್ಚುಮದ್ದಿಗೆ ಮೊದಲು ಡಾಕ್ಟರಿಗೆ ತಪ್ಪದೆ ಹೇಳಿ, ಕೆಲವು ದಿನ ಸಕ್ಕರೆ ಏರುತ್ತದೆ.

ಐದನೆಯದು ಕಾಲ. ಸ್ನಾಯುವಿಗಿಂತ ರಜ್ಜು ನಿಧಾನ. ಟೆನಿಸ್ ಎಲ್ಬೋ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಹತೋಟಿಗೆ ಬರುತ್ತದೆ, ಒಂದು ವಾರದಲ್ಲಿ ಅಲ್ಲ. ನನ್ನ ಏಳನೇ ತಿಂಗಳಲ್ಲಿ ದೀಪಾವಳಿ ಬಂತು. ಚಕ್ಕುಲಿ ಒರಳು ಒಂದು ಸಂಜೆ ತಿರುಗಿಸಿದ್ದಕ್ಕೆ ನೋವು ಒಂದು ವಾರ ಹಿಂದಿರುಗಿತು. ಅದು ಮತ್ತೆ ಇಳಿಯಿತು. ಮೂರು ತಿಂಗಳು ಮೀರಿದ ನೋವಿನಲ್ಲಿ ನರವ್ಯೂಹವೇ ಸೂಕ್ಷ್ಮವಾಗಿರುತ್ತದೆ, ಸಣ್ಣ ಹೊರೆಗೂ ದೊಡ್ಡ ಎಚ್ಚರಿಕೆ ಕೂಗುತ್ತದೆ. ನೋವು ಬಂದಾಗಲೆಲ್ಲ ಒಳಗೆ ಏನೋ ಹರಿದಿದೆ ಎಂದರ್ಥವಲ್ಲ. ನಿದ್ದೆಗೆಟ್ಟ ದಿನ, ಕೆಲಸದ ಗಡುವು ಹತ್ತಿರ ಬಂದ ದಿನ ಹಾಳೆಯ ಅಂಕಿ ಏರುವುದನ್ನು ನಾನು ನೋಡಿದೆ. ಆ ನೋವು ಸುಳ್ಳಲ್ಲ. ರಾಮಾಜ್ಜಿನಿ ಹೇಳಿದ ಮೂರನೆಯ ಕಾರಣ ಇದೇ.

ಇನ್ನು, ಕಾಯಬಾರದ ಸಂದರ್ಭಗಳು. ಜೋಮು ಬಂದು ಹೋಗದೆ ಸದಾ ಇದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳ ಬುಡ ಚಪ್ಪಟೆಯಾಗುತ್ತಿದ್ದರೆ ಬೇಗ ತೋರಿಸಿ. ಆಗ ಶಸ್ತ್ರಚಿಕಿತ್ಸೆ ಎಂದರೆ ಸೋಲು ಎಂದು ತಿಳಿಯಬೇಡಿ. ಕಾರ್ಪಲ್ ಟನಲ್‌ನದ್ದು ಸುರಂಗದ ಮೇಲಿನ ಪಟ್ಟಿಯನ್ನು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಎರಡೂ ಕೈಗಳ ಗಿಣ್ಣುಗಳು ಊದಿ, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ ಅದು ಸಂಧಿವಾತ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಕೆಂಪಾಗಿ ಊದಿದ ಕೈ, ಇವಕ್ಕೂ ತಡ ಮಾಡಬೇಡಿ. ಎದೆ ಭಾರ, ಬೆವರು, ಉಸಿರು ಕಟ್ಟುವಿಕೆಯ ಜೊತೆ ತೋಳು ನೋವು ಬಂದರೆ ಎಣ್ಣೆ ಹಚ್ಚುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೊನೆಗೆ, ಆ ದಸ್ತಾವೇಜು ಬರಹಗಾರನನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ನಮ್ಮ ಕೈ ನೊಂದಾಗ ನಾವು ಸುಲಭವಾಗಿ ಮಾಡುವುದೂ ಅದನ್ನೇ. ಪಾತ್ರೆ, ಬಟ್ಟೆ, ನೆಲ ಒರೆಸುವುದು ಎಲ್ಲವನ್ನೂ ಮನೆಗೆಲಸದ ಮಾವಶಿಗೆ ವಹಿಸುತ್ತೇವೆ. ಅವರು ಅದೇ ಕೈಯಲ್ಲಿ ಇನ್ನೂ ನಾಲ್ಕು ಮನೆಯ ಬಟ್ಟೆ ಹಿಂಡಿ ಬಂದಿರುತ್ತಾರೆ. ನಮ್ಮ ಮನೆಯ ಮಾವಶಿಯನ್ನು ಕೇಳಿದಾಗ ಅವರಿಗೂ ರಾತ್ರಿ ಕೈ ಜೋಮು ಹಿಡಿಯುತ್ತದೆ ಎಂದರು. ಈಗ ಕೋಲಿನ ಒರೆಸುವ ಬಟ್ಟೆ, ಹಿಂಡುವ ಬಕೆಟ್ ತಂದಿದ್ದೇವೆ, ದೊಡ್ಡ ಬಟ್ಟೆ ಯಂತ್ರಕ್ಕೇ ಹೋಗುತ್ತದೆ, ಅವರಿಗೂ ಒಂದು ರಾತ್ರಿಯ ಪಟ್ಟಿ ಕೊಡಿಸಿದ್ದೇವೆ. ಹೊರೆ ಇಳಿಸುವುದೆಂದರೆ ಇನ್ನೊಬ್ಬ ಹೆಂಗಸಿನ ಕೈಗೆ ದಾಟಿಸುವುದಲ್ಲ. ಮನೆಯಲ್ಲಿರುವ ಎಲ್ಲ ಕೈಗಳಿಗೂ ಹಂಚುವುದು, ಗಂಡಸರ ಕೈಗಳನ್ನೂ ಸೇರಿಸಿ. ಕೆಲವು ಕೆಲಸಗಳನ್ನು ಯಂತ್ರಕ್ಕೆ ಬಿಡುವುದು, ಕೆಲವನ್ನು ಮಾಡದೆಯೇ ಇರುವುದು.

ಡಾಕ್ಟರು ‘ವಿಶ್ರಾಂತಿ’ ಎಂದು ಬರೆಯುತ್ತಾರೆ. ಆ ಒಂದು ಔಷಧ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮನೆಯವರೇ ಸೇರಿ ತಯಾರಿಸಬೇಕು. ಅದಕ್ಕೆ ಮೊದಲು ನಮಗೆ ನೋಯುತ್ತಿದೆ ಎಂದು ಅವರಿಗೆ ಗೊತ್ತಾಗಬೇಕಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ನಾಲ್ಕು ಕಾಲಂ ಇರುವ ಹಾಳೆಗಳನ್ನು ಇಟ್ಟಿದ್ದೇನೆ. ಒಬ್ಬೊಬ್ಬರೂ ಎರಡೆರಡು ತೆಗೆದುಕೊಂಡು ಹೋಗಿ, ಒಂದು ನಿಮಗೆ, ಇನ್ನೊಂದು ಮನೆಯಲ್ಲಿರುವ ಅಮ್ಮನಿಗೋ ಅತ್ತೆಗೋ ಮಾವಶಿಗೋ. ಎರಡು ವಾರ ತುಂಬಿಸಿ. ಮುಂದಿನ ತಿಂಗಳು ಸಂಕ್ರಾಂತಿ. ನಮ್ಮಲ್ಲಿ ಕೆಲವರು ಕುಸುರೆಳ್ಳು ಮಾಡಲು ದಿನಗಟ್ಟಲೆ ತಟ್ಟೆಯಲ್ಲಿ ಬೆರಳಾಡಿಸುತ್ತಾರೆ. ಈ ಸಲ ಅದನ್ನು ಸರದಿಯ ಮೇಲೆ ಮಾಡೋಣ, ಒಬ್ಬರಿಗೆ ಅರ್ಧ ಗಂಟೆಯಂತೆ. ಎಳ್ಳು ಬೀರಲು ಬಂದಾಗ ಹಾಳೆಯನ್ನೂ ತನ್ನಿ. ಒಬ್ಬ ಫಿಸಿಯೋಥೆರಪಿಸ್ಟ್ ಆ ದಿನ ಬಂದು ನೋಡಲು ಒಪ್ಪಿದ್ದಾರೆ.

 ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.